ಕೂಡದ ಗೆರೆಗಳು

ಕಳೆದ ತಿಂಗಳು ಅಣ್ಣನಿಗೆ ಹಲ್ಲಿನ ಸೆಟ್ಟು ಮಾಡಿಸಲೆಂದು ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಹಳ ವರ್ಷ ಕೊಲ್ಲಿಯಲ್ಲಿ ದುಡಿದು ಬಂದ ಅಣ್ಣನ ಬಾಯಲ್ಲಿ ಈಗ ಒಂದು ಹಲ್ಲೂ ಉಳಿದಿಲ್ಲ, ಮಾತು ಮಾತ್ರ ಮೊದಲಿನಷ್ಟೇ ಇದೆ. ವೈದ್ಯರು ಹಳೆಯ ಕಾಲದವರು. ಬಿಸಿನೀರಿನ ಬಟ್ಟಲಿಗೆ ಕಂದುಗೆಂಪು ಬಣ್ಣದ ಬಿಲ್ಲೆಯೊಂದನ್ನು ಹಾಕಿ, ಅದು ಮೆದುವಾದ ಮೇಲೆ ಹಿಟ್ಟಿನಂತೆ ನಾದಿ, ಅಣ್ಣನ ಒಸಡಿನ ಅಚ್ಚು ತೆಗೆಯಲು ತೊಡಗಿದರು. ಬಿಸಿಯಾದ ರಾಳದ ವಾಸನೆ ಕೋಣೆ ತುಂಬ ಹರಡಿತು. ಧೂಪವೂ ಅಲ್ಲ, ಅರಗೂ ಅಲ್ಲ, ಎರಡರ ನಡುವಿನ ಒಂದು ವಾಸನೆ... ನಾನು ಕೂತಲ್ಲೇ ನಕ್ಕುಬಿಟ್ಟೆ. ಬಾಯಿ ತೆರೆದು ಒರಗಿದ್ದ ಅಣ್ಣ, ತನ್ನನ್ನು ನೋಡಿಯೇ ನಕ್ಕೆನೆಂದು ಕಣ್ಣು ಕೆಕ್ಕರಿಸಿದ.

ಅವನಿಗೆ ಹೇಗೆ ಹೇಳುವುದು? ಆ ವಾಸನೆಯನ್ನು ನಾನು ಮೊದಲ ಸಲ ಮೂಸಿದ್ದು ಯಾವ ದಂತವೈದ್ಯರ ಹತ್ತಿರವೂ ಅಲ್ಲ. ಮಂಗಳೂರಿನ ಪಣಂಬೂರಿನಲ್ಲಿ, ಒಂದು ಕ್ರೇನಿನ ಬುಡದಲ್ಲಿ. ಕಬ್ಬಿಣಕ್ಕೆ ಹಲ್ಲಿನ ಅಚ್ಚು ತೆಗೆಯುವ ಆ ಕೆಲಸಕ್ಕೆ ನನ್ನನ್ನು ಕರೆದುಕೊಂಡು ಹೋದವರು ನಮ್ಮ ಮೇಡಂ.

ಎಂಬತ್ತರ ದಶಕದ ಕೊನೆಯ ಭಾಗದ ಮಾತು ಇದು. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿದ್ದೆ. ಬಂದರಿನಲ್ಲಿ ತಂದೆಗೆ ಒಣಮೀನಿನ ವ್ಯಾಪಾರವಿತ್ತು. ಅಣ್ಣಂದಿರು ಒಬ್ಬರ ಹಿಂದೆ ಒಬ್ಬರು ಕೊಲ್ಲಿಗೆ ಹೋಗಿಯಾಗಿತ್ತು. ನನ್ನ ಪಾಸ್‌ಪೋರ್ಟೂ ತಯಾರಿತ್ತು, ವೀಸಾ ಬರಬೇಕಿತ್ತು. ಅಲ್ಲಿಯವರೆಗೆ ಮನೆಯಲ್ಲಿ ಕೂತು ಬೈಗುಳ ತಿನ್ನುವುದು ಬೇಡವೆಂದು ಕೊಡಿಯಾಲ್‌ಬೈಲಿನಲ್ಲಿದ್ದ ಮೇಡಂ ಅವರ ಆಫೀಸಿಗೆ ಸೇರಿಕೊಂಡೆ. ಕೆಲವು ತಿಂಗಳಿಗೆಂದು ಸೇರಿದವನು, ವೀಸಾ ಬಂದ ಮೇಲೂ ಅಲ್ಲೇ ಉಳಿದೆ. ನಮ್ಮ ತಂದೆಗೆ ಅದು ಕೊನೆಯವರೆಗೂ ಅರ್ಥವಾಗಲಿಲ್ಲ.

ಆಫೀಸೆಂದರೆ ಒಂದು ಹೊಟೇಲಿನ ಮೇಲಿನ ಎರಡು ಕೋಣೆ. ಮಧ್ಯಾಹ್ನ ಮೂರು ಗಂಟೆಗೆ ಕೆಳಗೆ ಗೋಳಿಬಜೆ ಕರಿಯಲು ಶುರುವಾದರೆ ಮೇಲೆ ನಾವು ಲೆಕ್ಕ ತಪ್ಪುತ್ತಿದ್ದೆವು. ಕಾರ್ಖಾನೆಗಳಿಗೆ ಬೇಕಾದ ಕಬ್ಬಿಣದ ಚೌಕಟ್ಟು, ತೊಟ್ಟಿ, ಕ್ರೇನಿನ ತೋಳು, ಇಂಥವು ಭಾರ ತಾಳುತ್ತವೆಯೇ ಇಲ್ಲವೇ ಎಂದು ಲೆಕ್ಕ ಹಾಕಿ ಹೇಳುವುದು ನಮ್ಮ ಕೆಲಸ. ಆ ಕಾಲದ ಮಂಗಳೂರಿನಲ್ಲಿ ಇಂಥ ಆಫೀಸೇ ಅಪರೂಪ, ಅದನ್ನು ಹೆಂಗಸೊಬ್ಬರು ನಡೆಸುವುದು ಇನ್ನೂ ಅಪರೂಪ. ಮೆಟ್ಟಿಲು ಹತ್ತಿ ಬಂದವರು ಮೇಡಂ ಅವರನ್ನು ನೋಡಿ, "ಸಾರ್ ಇಲ್ವಾ?" ಎಂದು ಕೇಳುವುದಿತ್ತು.

"ಸಾರ್ ಇಲ್ಲ. ನಾನೇ ಇರುವುದು. ಕೂತ್ಕೊಳ್ಳಿ," ಎಂದು ಅವರು ಹೇಳುತ್ತಿದ್ದರು. ಅದರಲ್ಲಿ ಸಿಟ್ಟಿರಲಿಲ್ಲ. ಮಳೆ ಬರ್ತದಾ ಎಂದು ಕೇಳಿದರೆ ಬರ್ತದೆ ಎಂದು ಹೇಳುವ ಧಾಟಿ.

ಅವರದು ತುಳುನಾಡಿನ ದೊಡ್ಡ ಗುತ್ತಿನ ಮನೆ, ಹಳೆಯ ಜಮೀನುದಾರರ ಕುಟುಂಬ. ಎಪ್ಪತ್ತರ ದಶಕದಲ್ಲಿ ಗದ್ದೆಗಳೆಲ್ಲ ಗೇಣಿದಾರರ ಹೆಸರಿಗೆ ಆದ ಮೇಲೆ ತಮ್ಮಂದಿರಲ್ಲಿ ಇಬ್ಬರು ಬೊಂಬಾಯಿಯ ಹೊಟೇಲು ವ್ಯಾಪಾರಕ್ಕೆ ಹೋದರು, ಚಿಕ್ಕವನು ಹಲ್ಲಿನ ಡಾಕ್ಟರಾಗಿ ಹಂಪನಕಟ್ಟೆಯಲ್ಲಿ ಬೋರ್ಡು ಹಾಕಿದ. ಮೇಡಂ ಅಷ್ಟರಲ್ಲಿ ಇಂಜಿನಿಯರಿಂಗ್ ಓದಿ, ಬೊಂಬಾಯಿಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದರು. ತರಗತಿಗೆ ತಾನೊಬ್ಬಳೇ ಹುಡುಗಿ ಇದ್ದುದನ್ನು ಅವರು ಎಂದೂ ಸಾಹಸದಂತೆ ಹೇಳಿಕೊಂಡದ್ದಿಲ್ಲ. ಕಂಪ್ಯೂಟರ್ ಎಂದರೆ ತೂತು ಕೊರೆದ ಕಾರ್ಡುಗಳ ಕಟ್ಟು ಎಂದಿದ್ದ ಕಾಲದಲ್ಲೇ ಅವರು ಅದನ್ನು ಕಲಿತಿದ್ದರು. ಒಮ್ಮೆ ಬೊಂಬಾಯಿಯ ರೈಲಿನ ನೂಕುನುಗ್ಗಲಿನಲ್ಲಿ ಕಾರ್ಡಿನ ಕಟ್ಟು ಕೈಜಾರಿ ಪ್ಲಾಟ್‌ಫಾರಂ ತುಂಬ ಚೆಲ್ಲಿತಂತೆ. ಜನ ಇಸ್ಪೀಟು ಎಂದುಕೊಂಡು ಹೆಕ್ಕಿ ಕೊಟ್ಟರಂತೆ. ಈ ಕಥೆ ಹೇಳುವಾಗೆಲ್ಲ ಅವರಿಗೆ ನಗು ತಡೆಯಲು ಆಗುತ್ತಿರಲಿಲ್ಲ. ತಾಯಿಗೆ ಹುಷಾರಿಲ್ಲದಾಗ ಊರಿಗೆ ಬಂದವರು, ತಾಯಿ ಹೋದ ಮೇಲೂ ಇಲ್ಲೇ ನಿಂತರು. ಮದುವೆ ಆಗಲಿಲ್ಲ. ಯಾಕೆಂದು ಕೇಳುವ ಧೈರ್ಯ ಮಾಡಿದವರು ಎರಡನೇ ಸಲ ಕೇಳುತ್ತಿರಲಿಲ್ಲ.

ನಾನು ಸೇರಿದ ಮರುವರ್ಷ ಆಫೀಸಿಗೆ ಒಂದು ಕಂಪ್ಯೂಟರ್ ಬಂತು. ಒಳಕೋಣೆಯಲ್ಲಿ ಅದನ್ನಿಟ್ಟು, ಅದಕ್ಕೆಂದೇ ಒಂದು ಏಸಿ ಹಾಕಿಸಿದರು. ನಮಗಿಬ್ಬರಿಗೆ ಏಸಿ ಇರಲಿಲ್ಲ. ಸೆಖೆ ತಡೆಯದಾದಾಗ, "ಒಳಗೆ ಸ್ವಲ್ಪ ಕೆಲಸ ಉಂಟು," ಎಂದು ಇಬ್ಬರೂ ಚಪ್ಪಲಿ ಕಳಚಿಟ್ಟು ಆ ಕೋಣೆಗೆ ಹೋಗಿ ಕೂರುತ್ತಿದ್ದೆವು.

ಬೈಕಂಪಾಡಿಯಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಒಬ್ಬರು ಒಂದು ಬೆಳಿಗ್ಗೆ ಫ್ಲಾಪಿ ಹಿಡಿದುಕೊಂಡು ಬಂದರು. ಅವರನ್ನು ನಾವು ಧನಿ ಎಂದೇ ಕರೆಯುತ್ತಿದ್ದೆವು. ಒಳ್ಳೆಯ ಮನುಷ್ಯ, ಗಡಿಬಿಡಿಯವರು, ಕುರ್ಚಿಯ ತುದಿಯಲ್ಲಿ ಮಾತ್ರ ಕೂರುವವರು. ಪಣಂಬೂರಿನ ಹತ್ತಿರ ಒಂದು ಖಾಸಗಿ ಯಾರ್ಡಿನಲ್ಲಿ ಸರಕು ಇಳಿಸುವ ಕ್ರೇನ್ ಇತ್ತು. ಅದರ ತೋಳಿನ ತುದಿಯಲ್ಲಿ ರಾಟೆಯನ್ನು ಹಿಡಿದಿಡುವ ಒಂದು ದಪ್ಪ ಉಕ್ಕಿನ ಬ್ರಾಕೆಟ್. ಅದನ್ನು ಧನಿಯೇ ಬೇರೆ ಊರಿನ ಫೌಂಡ್ರಿಯಲ್ಲಿ ಮರದ ಅಚ್ಚು ಮಾಡಿಸಿ, ಎರಕ ಹೊಯ್ಯಿಸಿ, ತಮ್ಮ ವರ್ಕ್‌ಶಾಪಿನಲ್ಲಿ ತೂತು ಕೊರೆದು ಕೊಟ್ಟಿದ್ದರು. ಅದು ಒಡೆಯಿತು. ರಾಟೆ ಮೇಲಿನಿಂದ ಬಿದ್ದದ್ದು ಕೆಲಸಗಾರನೊಬ್ಬನ ಬುತ್ತಿಯ ಮೇಲೆ. ಅವನು ಕೈ ತೊಳೆಯಲು ಎದ್ದು ನಾಲ್ಕು ಹೆಜ್ಜೆ ಹೋಗಿದ್ದನಂತೆ. ಬುತ್ತಿ ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ಧನಿ ಅದೇ ಅಚ್ಚಿನಿಂದ ಇನ್ನೊಂದು ಬ್ರಾಕೆಟ್ ಮಾಡಿಸಿ ಹಾಕಿದರು. ಅದರಲ್ಲೂ ಕೂದಲೆಳೆಯಂಥ ಬಿರುಕು ಕಾಣಿಸಿತು. ಅದಕ್ಕೊಂದು ಕಬ್ಬಿಣದ ಪಟ್ಟಿ ಬಿಗಿದು, ಹಗುರ ಸರಕು ಮಾತ್ರ ಎತ್ತುತ್ತಿದ್ದರು. ಕೆಲಸಗಾರರು ಆ ತೋಳಿನ ಅಡಿಗೆ ಹೋಗಲು ಒಪ್ಪುತ್ತಿರಲಿಲ್ಲ.

"ಇನ್ನು ಮೂರನೆಯದ್ದು ಒಡೆದರೆ ನಾನು ವರ್ಕ್‌ಶಾಪ್ ಮುಚ್ಚಬೇಕಷ್ಟೆ ಮೇಡಂ," ಎಂದರು ಧನಿ. ಮತ್ತೆ, "ಅದಲ್ಲ, ಅಡಿಯಲ್ಲಿ ಯಾರಾದರೂ ಇದ್ದರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಮೊದಲು ಒಡೆದ ಬ್ರಾಕೆಟ್ಟನ್ನು ಅವರು ಬೊಂಬಾಯಿಯ ಒಂದು ಡ್ರಾಯಿಂಗ್ ಆಫೀಸಿಗೆ ಕಳಿಸಿ, ಅಳತೆ ತೆಗೆಸಿ, ಕಂಪ್ಯೂಟರಿನಲ್ಲಿ ನಕ್ಷೆ ಮಾಡಿಸಿ ತಂದಿದ್ದರು. ಫ್ಲಾಪಿಯಲ್ಲಿದ್ದದ್ದು ಅದೇ. ತುಂಡು ಅಲ್ಲೇ ಗುಜರಿಗೆ ಹೋಗಿತ್ತು. ಪರದೆಯ ಮೇಲೆ ನಕ್ಷೆ ಬಂದಾಗ ಮೂವರೂ ಬಗ್ಗಿ ನೋಡಿದೆವು. ಕಪ್ಪು ಹಿನ್ನೆಲೆಯಲ್ಲಿ ಹಸಿರು ಗೆರೆಗಳು... ಅಷ್ಟು ಚೊಕ್ಕ ನಕ್ಷೆಯನ್ನು ನಾನು ಕೈಯಲ್ಲಿ ಎಂದೂ ಬರೆದವನಲ್ಲ.

ಲೆಕ್ಕದ ಮೊದಲ ಹಂತವೆಂದರೆ ಆ ಆಕಾರವನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಕತ್ತರಿಸುವುದು. ಒಂದೊಂದು ತ್ರಿಕೋನದ ಮೇಲೆ ಎಷ್ಟು ಎಳೆತ ಬೀಳುತ್ತದೆಂದು ಕಂಪ್ಯೂಟರ್ ಲೆಕ್ಕ ಹಾಕಿ, ಎಲ್ಲವನ್ನೂ ಕೂಡಿಸಿ, ಇಡೀ ತುಂಡು ಎಲ್ಲಿ ದಣಿಯುತ್ತದೆಂದು ಹೇಳುತ್ತದೆ. ಈ ತ್ರಿಕೋನಗಳ ಹೆಣಿಗೆಗೆ ಮೆಶ್ ಎಂದು ಹೆಸರು. ನಾವು ಬಲೆ ಎನ್ನುತ್ತಿದ್ದೆವು. ಬಲೆ ಆಯಿತಾ ಎಂದು ಮೇಡಂ ಕೇಳುವುದನ್ನು ಕೇಳಿ ಧನಿ, ನೀವೇನು ಮೀನಿಗೂ ಹೋಗ್ತೀರಾ ಎಂದು ನಗುತ್ತಿದ್ದರು.

ಅವತ್ತು ಬಲೆ ಆಗಲಿಲ್ಲ. ಪ್ರೋಗ್ರಾಂ ಓಡಿಸಿದೆ, ಗಡಿ ಮುಚ್ಚಿಲ್ಲ ಎಂದು ಹೇಳಿ ನಿಂತುಬಿಟ್ಟಿತು. ಇನ್ನೊಮ್ಮೆ ಓಡಿಸಿದೆ, ಅದೇ ಮಾತು. ಕಣ್ಣಿಗೆ ಎಲ್ಲ ಗೆರೆಗಳೂ ಕೂಡಿದಂತೆಯೇ ಕಾಣುತ್ತಿದ್ದವು. ಮೇಡಂ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಒಂದು ಮೂಲೆಯನ್ನು ದೊಡ್ಡದು ಮಾಡಲು ಹೇಳಿದರು. ಮಾಡಿದೆ. ಇನ್ನೂ ದೊಡ್ಡದು ಎಂದರು. ಹತ್ತಾರು ಪಟ್ಟು ಹಿಗ್ಗಿಸಿದಾಗ ಕಾಣಿಸಿತು: ಎರಡು ಗೆರೆಗಳು ಹತ್ತಿರ ಬಂದು, ಮುಟ್ಟದೆ ನಿಂತಿದ್ದವು.

"ನೋಡು, ನಮಗೆ ಇದು ಕೂಡಿದೆ. ಅದಕ್ಕೆ ಕೂಡಲಿಲ್ಲ," ಎಂದರು ಮೇಡಂ. "ಒಳಗೆ ಯಾವುದು, ಹೊರಗೆ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಪಾಪ, ಅದರ ತಪ್ಪು ಎಂತ ಉಂಟು?"

ಇಡೀ ನಕ್ಷೆ ಹುಡುಕಿದರೆ ಇಂಥವು ಹಲವಿದ್ದವು. ಕೆಲವು ಕಡೆ ಗೆರೆ ಕೂಡಿರಲಿಲ್ಲ, ಕೆಲವು ಕಡೆ ದಾಟಿ ಹೋಗಿತ್ತು, ಒಂದೆರಡು ಕಡೆ ಒಂದೇ ಗೆರೆಯ ಮೇಲೆ ಇನ್ನೊಂದನ್ನು ಎಳೆದಿದ್ದರು. ಬರೆದವರು ಕಣ್ಣಿಗಾಗಿ ಬರೆದಿದ್ದರು, ಲೆಕ್ಕಕ್ಕಾಗಿ ಅಲ್ಲ. ನಾನು ಒಂದೊಂದನ್ನೇ ಹುಡುಕಿ, ಹಿಗ್ಗಿಸಿ, ತುದಿಗೆ ತುದಿ ಸೇರಿಸುತ್ತ ಹೋದೆ. ಬೇಸರದ ಕೆಲಸವೆಂದು ಈಗಿನವರು ಹೇಳಬಹುದು. ನನಗೆ ಅದರಲ್ಲಿ ಏನೋ ಸುಖವಿತ್ತು. ಹೊರಗೆ ಬಸ್ಸುಗಳ ಹಾರ್ನು, ಒಳಗೆ ಏಸಿಯ ತಂಪು, ಪಕ್ಕದಲ್ಲಿ ಮೇಡಂ ಪೆನ್ಸಿಲು ಕೆತ್ತುವ ಸದ್ದು. ಹೊಲಿಗೆ ಹಾಕಿದಂತೆ ಒಂದೊಂದೇ ಮೂಲೆ ಕೂಡುತ್ತಿತ್ತು.

ಕೊನೆಗೆ ಒಂದು ಜಾಗ ಉಳಿಯಿತು. ಬ್ರಾಕೆಟ್ಟಿನ ತೋಳು ಅದರ ಬುಡದ ಹಲಗೆಯನ್ನು ಸೇರುವ ಒಳಮೂಲೆ. ಅಲ್ಲಿ ಗೆರೆ ನೇರ ಬಂದು, ಉಗುರಿನ ದಪ್ಪದಷ್ಟು ಪಕ್ಕಕ್ಕೆ ಸರಿದು, ಒಂದು ಚಿಕ್ಕ ಮೆಟ್ಟಿಲು ಮಾಡಿ, ಮತ್ತೆ ಮುಂದೆ ಹೋಗಿತ್ತು. ಪ್ರೋಗ್ರಾಂ ಅಲ್ಲಿ ಸೂಜಿಯಂಥ ತ್ರಿಕೋನಗಳನ್ನು ಮಾಡಿ, ಗಂಟುಹಾಕಿಕೊಂಡು ನಿಲ್ಲುತ್ತಿತ್ತು. ಇದೂ ಬರೆದವರ ಕೈತಪ್ಪೇ ಇರಬೇಕೆಂದು ನಾವಿಬ್ಬರೂ ಮಾತಾಡಿಕೊಂಡೆವು. ಮೆಟ್ಟಿಲನ್ನು ಅಳಿಸಿ ಗೆರೆಯನ್ನು ನೇರ ಮಾಡಿ ನೋಡೋಣ ಎಂದು ಮೇಡಂ ಅವರೇ ಹೇಳಿದರು. ಮಾಡಿದೆ. ಬಲೆ ಸಲೀಸಾಗಿ ಬಂತು. ಲೆಕ್ಕವೂ ಬಂತು. ಬ್ರಾಕೆಟ್ ಭಾರ ತಾಳುತ್ತದೆ, ತಾಳಿ ಇನ್ನೂ ಮಿಗುತ್ತದೆ ಎಂದಿತು.

ಧನಿಗೆ ಸಂತೋಷವೋ ಸಂತೋಷ. ಹಾಗಾದರೆ ಆಕಾರ ಸರಿಯೇ ಇದೆ, ಉಕ್ಕು ಕಳಪೆ ಇದ್ದಿರಬೇಕು, ಒಳ್ಳೆಯ ಉಕ್ಕಿನಲ್ಲಿ ಅದೇ ಮರದ ಅಚ್ಚಿನಿಂದ ಇನ್ನೊಂದು ಎರಕ ಹೊಯ್ಯಲು ಫೌಂಡ್ರಿಗೆ ಇವತ್ತೇ ತಂತಿ ಕೊಡುತ್ತೇನೆ ಎಂದು ಎದ್ದರು. ಯಾರ್ಡಿನವರು ಅವಸರ ಮಾಡುತ್ತಿದ್ದರು. ಮೇಡಂ ಒಂದು ಸಹಿ ಹಾಕಿದರೆ ಸಾಕಿತ್ತು.

ಮೇಡಂ ಸಹಿ ಹಾಕಲಿಲ್ಲ. ಪರದೆಯನ್ನೇ ನೋಡುತ್ತ ಕೂತಿದ್ದರು. ಧನಿ ಮತ್ತೆ ಕೇಳಿದಾಗ, "ಇದು ತಾಳ್ತದೆ ಅಂತ ಹೇಳ್ತದೆ. ಆದರೆ ಎರಡು ಸಲ ಒಡೆದಿದೆಯಲ್ಲ," ಎಂದರು.

"ಉಕ್ಕು ಸರಿ ಇಲ್ಲ ಮೇಡಂ."

"ಇರಬಹುದು. ಎರಡು ಸಲವೂ ಸರಿ ಇಲ್ವಾ? ಆ ಮೆಟ್ಟಿಲು ನಕ್ಷೆಯಲ್ಲಿ ಮಾತ್ರ ಉಂಟಾ, ಕಬ್ಬಿಣದಲ್ಲೂ ಉಂಟಾ, ನನಗೆ ಗೊತ್ತಿಲ್ಲ. ನಾವು ಅದನ್ನು ಅಳಿಸಿದ್ದೇವೆ. ನೋಡದೆ ನಾನು ಸಹಿ ಹಾಕುವುದಿಲ್ಲ."

ಧನಿಯ ಮುಖ ಕೆಂಪಗಾಯಿತು. ನೋಡುವುದು ಎಲ್ಲಿ, ತುಂಡು ಗುಜರಿಗೆ ಹೋಗಿದೆ, ಇನ್ನೊಂದು ತುಂಡು ಕ್ರೇನಿನ ತುದಿಯಲ್ಲಿ ಪಟ್ಟಿ ಸುತ್ತಿಕೊಂಡು ಕೂತಿದೆ, ತೋಳು ಕೆಳಗಿಳಿಸಬೇಕಾದರೆ ಯಾರ್ಡಿನ ಕೆಲಸ ನಿಲ್ಲಿಸಬೇಕು, ಯಾರು ಒಪ್ಪುತ್ತಾರೆ ಎಂದೆಲ್ಲ ಹೇಳಿದರು. ಬೊಂಬಾಯಿಯವರ ಒಂದು ಗೆರೆ ಡೊಂಕಾದದ್ದಕ್ಕೆ ತನ್ನ ವರ್ಕ್‌ಶಾಪ್ ಹಾಳಾಗಬೇಕೇ ಎಂದರು. ಕೊನೆಗೆ ಫ್ಲಾಪಿಯನ್ನು ಕಿಸೆಗೆ ಹಾಕಿಕೊಂಡು, ಬೇರೆ ಕಡೆ ತೋರಿಸುತ್ತೇನೆಂದು ಮೆಟ್ಟಿಲಿಳಿದು ಹೋದರು. ನನಗೆ ಭಯವಾಯಿತು. ನಮಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಅವರ ಕಡೆಯಿಂದಲೇ ಬರುತ್ತಿತ್ತು. ಮೇಡಂ ಮಾತ್ರ ಕೆಳಗಿನಿಂದ ಎರಡು ಚಹಾ ತರಿಸಿದರು. ಕುಡಿಯುತ್ತ, ಧನಿಯ ಕೆಲಸವಿಲ್ಲದೆ ಎಷ್ಟು ತಿಂಗಳು ಬಾಡಿಗೆ ಕಟ್ಟಬಹುದೆಂದು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕುತ್ತಿದ್ದುದನ್ನು ನೋಡಿದೆ. ಹೆದರಿಕೆ ಇಲ್ಲದ ಹೆಂಗಸು ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಹೆದರಿಕೆ ಇದ್ದೂ ಹಾಗೆ ಕೂತಿದ್ದಾರೆ ಎಂದು ತಿಳಿದ ಮೇಲೆ ಅವರ ಮೇಲಿನ ಗೌರವ ಹೆಚ್ಚಾಯಿತು.

ಎರಡು ದಿನ ಕಳೆದು ಧನಿ ತಾವಾಗಿಯೇ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಬೇರೆ ಎಲ್ಲಿಗೂ ಹೋಗಿರಲಿಲ್ಲವಂತೆ. ಬುತ್ತಿ ಚಪ್ಪಟೆಯಾದ ಆ ಮನುಷ್ಯ ದಾರಿಯಲ್ಲಿ ಸಿಕ್ಕಿ, ಹೊಸದು ಯಾವಾಗ ಬರ್ತದೆ ಎಂದು ಕೇಳಿದನಂತೆ. ಅಲ್ಲಿಂದ ನೇರ ಯಾರ್ಡಿಗೆ ಹೋದೆ ಎಂದರು. ಆದಿತ್ಯವಾರ ಯಾರ್ಡಿಗೆ ರಜೆ ಇತ್ತು, ಅವತ್ತು ತೋಳು ಕೆಳಗಿಳಿಸಲು ಒಪ್ಪಿಸಿ ಬಂದಿದ್ದರು.

ಶನಿವಾರ ಸಂಜೆ ಮೇಡಂ ಹಂಪನಕಟ್ಟೆಗೆ ಹೋಗಿ ತಮ್ಮನ ಕ್ಲಿನಿಕ್ಕಿನಿಂದ ಆ ಕಂದುಗೆಂಪು ಬಿಲ್ಲೆಗಳ ಒಂದು ಡಬ್ಬಿ ತಂದರು. ಅಳತೆಕಡ್ಡಿ ಆ ಮೂಲೆಗೆ ಇಳಿಯುವುದಿಲ್ಲ, ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಅಚ್ಚು ತೆಗೆದರೆ ಆಫೀಸಿಗೆ ತಂದು ನಿಧಾನವಾಗಿ ಅಳೆಯಬಹುದು ಎಂಬುದು ಅವರ ಯೋಚನೆ. ಯಾರ ಹಲ್ಲಿಗೆ ಎಂದು ತಮ್ಮ ಕೇಳಿದನಂತೆ. ಕ್ರೇನಿಗೆ ಎಂದರಂತೆ. ಅವನು ಹೆಚ್ಚು ಕೇಳಲಿಲ್ಲ. ಅಕ್ಕನ ಅಭ್ಯಾಸ ಅವನಿಗೆ ಗೊತ್ತಿತ್ತು.

ಆದಿತ್ಯವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಮೂವರೂ ಯಾರ್ಡಿನಲ್ಲಿದ್ದೆವು. ಕಡಲಿನ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಕ್ರೇನಿನ ಉದ್ದ ತೋಳು ನೆಲಕ್ಕೆ ಒರಗಿ, ದಣಿದ ಪ್ರಾಣಿಯಂತೆ ಬಿದ್ದುಕೊಂಡಿತ್ತು. ಮೇಡಂ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಾಸಿದ ಗೋಣಿಯ ಮೇಲೆ ಮಂಡಿಯೂರಿ ಕೂತರು. ಧನಿಯ ಕೆಲಸದವರು ಪಟ್ಟಿಯನ್ನು ಬಿಚ್ಚಿದರು. ಒಳಮೂಲೆಯಲ್ಲಿ ತುಕ್ಕು, ಗ್ರೀಸು, ಕಡಲಿನ ಉಪ್ಪು. ಅದನ್ನು ನಾನು ಸೀಮೆಎಣ್ಣೆ ಹಾಕಿ ಉಜ್ಜಿದೆ. ಮೇಡಂ ಕೈಚೀಲದಿಂದ ತೆಂಗಿನೆಣ್ಣೆಯ ಚಿಕ್ಕ ಕುಪ್ಪಿ ತೆಗೆದು ಮೂಲೆಗೆ ಸವರಿದರು, ಅಚ್ಚು ಅಂಟಬಾರದೆಂದು. ಥರ್ಮಾಸಿನ ಬಿಸಿನೀರನ್ನು ಬಟ್ಟಲಿಗೆ ಸುರಿದು ಬಿಲ್ಲೆ ಹಾಕಿದರು. ಆಗಲೇ ಆ ವಾಸನೆ...

ಮೆದುವಾದ ಮುದ್ದೆಯನ್ನು ಮೂಲೆಗೆ ಒತ್ತಿ, ಹೆಬ್ಬೆರಳಿನಿಂದ ಅದುಮಿ ಹಿಡಿದು, ಅದು ಗಟ್ಟಿಯಾಗುವವರೆಗೆ ಅವರು ಅಲುಗಾಡದೆ ಕೂತರು. ಧನಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಬಾಯಿ ದೊಡ್ಡದು ಮಾಡಿ ಅಂತ ಇದಕ್ಕೆ ಹೇಳಲಿಕ್ಕಿಲ್ಲ, ಅಷ್ಟೇ ಸುಲಭ ಎಂದು ಮೇಡಂ ಹೇಳಿದಾಗ ಧನಿಗೂ ನಗು ಬಂತು.

ಮೊದಲ ಅಚ್ಚು ಎಳೆಯುವಾಗ ಮುರಿಯಿತು. ಎರಡನೆಯದು ಇಡಿಯಾಗಿ ಬಂತು. ಮೇಡಂ ಅದನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. ನಾನು ನೋಡಿ ಧನಿಗೆ ಕೊಟ್ಟೆ. ಮೆಟ್ಟಿಲು ಇತ್ತು. ನಕ್ಷೆಯಲ್ಲಿ ಹೇಗಿತ್ತೋ ಹಾಗೆಯೇ, ಉಗುರಿನ ದಪ್ಪ, ಚೂಪು ಅಂಚು. ಆ ಅಂಚಿನಿಂದಲೇ ಹೊರಟ ಬಿರುಕು ಅಚ್ಚಿನ ಮೇಲೂ ಕೂದಲಿನಂತೆ ಮೂಡಿತ್ತು. ಫೌಂಡ್ರಿಯ ಮರದ ಅಚ್ಚನ್ನು ಎರಡು ತುಂಡು ಅಂಟಿಸಿ ಮಾಡಿದ್ದಿರಬೇಕು, ಅಂಟಿಸುವಾಗ ಒಂದು ತುಂಡು ಚೂರು ಸರಿದಿರಬೇಕು. ಅದರಲ್ಲಿ ಹೊಯ್ದ ಎರಕಕ್ಕೆಲ್ಲ ಆ ಮೆಟ್ಟಿಲು ಬಂದಿತ್ತು. ಬೊಂಬಾಯಿಯಲ್ಲಿ ಬರೆದವರು ಬೇರೆಲ್ಲ ಕಡೆ ಗೆರೆ ಕೂಡಿಸದೆ ಬಿಟ್ಟಿದ್ದರೂ, ಇಲ್ಲಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು.

ಧನಿ ಅಚ್ಚಿನ ಅಂಚನ್ನು ಬೆರಳಲ್ಲಿ ಸವರಿ ನೋಡಿದರು. ಆಮೇಲೆ, "ನಾನು ತಂತಿ ಕೊಟ್ಟಿದ್ದರೆ ಮೂರನೆಯದಕ್ಕೂ ಇದು ಬರ್ತಿತ್ತು," ಎಂದರು.

"ಬರ್ತಿತ್ತು," ಎಂದರು ಮೇಡಂ. ಥರ್ಮಾಸಿನಲ್ಲಿ ಉಳಿದ ನೀರಿನಿಂದ ಕೈ ತೊಳೆದುಕೊಂಡರು.

ಅಲ್ಲಿಂದ ಮುಂದಿನ ದಿನಗಳೇ ನನಗೆ ಹೆಚ್ಚು ನೆನಪಾಗುವುದು. ಮೆಟ್ಟಿಲನ್ನು ನಕ್ಷೆಗೆ ಮತ್ತೆ ಹಾಕಿದೆವು. ಪ್ರೋಗ್ರಾಮಿಗೆ ಅಲ್ಲಿ ಬಲೆ ಹೆಣೆಯಲು ಬರುವುದಿಲ್ಲವಲ್ಲ, ಅದನ್ನು ಕೈಯಲ್ಲೇ ಹೆಣೆಯೋಣ ಎಂದು ಮೇಡಂ ಹೇಳಿದರು. ದೊಡ್ಡ ಗ್ರಾಫ್ ಹಾಳೆಯನ್ನು ಮೇಜಿಗೆ ಅಂಟಿಸಿ, ಆ ಮೂಲೆಯನ್ನು ಹಿಗ್ಗಿಸಿ ಬರೆದು, ಚೂಪಿನ ಹತ್ತಿರ ಸಾಸಿವೆಯಷ್ಟು ತ್ರಿಕೋನ, ದೂರ ಹೋದಂತೆ ದೊಡ್ಡದು, ಇನ್ನೂ ದೊಡ್ಡದು ಎಂದು ಜೋಡಿಸುತ್ತ ಹೋದರು. ಸಣ್ಣದರ ಪಕ್ಕ ಒಮ್ಮೆಲೇ ದೊಡ್ಡದು ಬರಬಾರದು, ಯಾವುದೂ ತೀರ ಸಪೂರ ಆಗಬಾರದು. ಒಂದು ಹಾಳೆ ಹಾಳಾದರೆ ಇನ್ನೊಂದು. ಅವರು ಬಿಂದುವಿನ ಸ್ಥಾನ ಓದುವುದು, ನಾನು ಟೈಪ್ ಮಾಡುವುದು. ಮೂರು ಗಂಟೆಗೆ ಗೋಳಿಬಜೆಯ ವಾಸನೆ ಬಂದಾಗ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು. ಎಣ್ಣೆಯ ಕೈಯಲ್ಲಿ ಹಾಳೆ ಮುಟ್ಟಬಾರದೆಂದು ಅವರು ಬಜೆಯನ್ನು ಒಂದು ಚಿಕ್ಕ ಚಿಮುಟದಲ್ಲಿ ಹಿಡಿದು ತಿನ್ನುತ್ತಿದ್ದರು. ರಂಜಾನ್ ತಿಂಗಳು ಶುರುವಾದಾಗ ನನ್ನ ಉಪವಾಸಕ್ಕಾಗಿ ತಾವೂ ಬಜೆ ತರಿಸುವುದನ್ನು ನಿಲ್ಲಿಸಿದರು. ನೀವು ತಿನ್ನಿ ಮೇಡಂ ಎಂದರೆ, ಹೊಟ್ಟೆ ಸರಿ ಇಲ್ಲ ಮಾರಾಯ ಎನ್ನುತ್ತಿದ್ದರು. ಒಂದು ತಿಂಗಳು ಪೂರ್ತಿ ಅವರ ಹೊಟ್ಟೆ ಸರಿ ಇರಲಿಲ್ಲ.

ಲೆಕ್ಕ ಬಂದಾಗ ಮೆಟ್ಟಿಲಿನ ಚೂಪಿನಲ್ಲಿ ಎಳೆತ ಮೊದಲಿನ ಎಷ್ಟೋ ಪಟ್ಟು ಏರಿತ್ತು. ತ್ರಿಕೋನಗಳನ್ನು ಇನ್ನೂ ಸಣ್ಣದು ಮಾಡಿದೆವು, ಇನ್ನೂ ಏರಿತು. ಹಾಗಾದರೆ ನಿಜವಾದ ಅಂಕಿ ಯಾವುದು ಎಂದು ನಾನು ಗಲಿಬಿಲಿಗೊಂಡೆ.

"ಚೂಪು ಮೂಲೆಗೆ ಕೊನೆ ಅಂತ ಇಲ್ಲ, ಸಣ್ಣದು ಮಾಡಿದಷ್ಟೂ ಏರ್ತದೆ," ಎಂದರು. "ಎಷ್ಟು ಅಂತ ಬಿಡು. ಯಾವ ಕಡೆ ಹೋಗ್ತಾ ಉಂಟು ನೋಡು. ಮೂಲೆಯನ್ನು ಉರುಟು ಮಾಡುವ, ಆಗ ಅಂಕಿ ತಾನೇ ನಿಲ್ತದೆ."

ಉರುಟು ಮಾಡಿದೆವು. ಸ್ವಲ್ಪ ಉರುಟು, ಮತ್ತಷ್ಟು ಉರುಟು. ಕೊನೆಗೆ ಹೆಬ್ಬೆರಳು ಒರಗಿಸಿಡುವಷ್ಟು ದುಂಡಗಾದಾಗ ಅಂಕಿ ಇಳಿದು, ತ್ರಿಕೋನ ಎಷ್ಟು ಸಣ್ಣದು ಮಾಡಿದರೂ ಅಲ್ಲೇ ನಿಂತಿತು. ಆವತ್ತು ಮೇಡಂ ಏಸಿ ಕೋಣೆಯಿಂದ ಹೊರಗೆ ಬಂದು, ಬಾಲ್ಕನಿಯಲ್ಲಿ ನಿಂತು, ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತ ಏನೋ ಗುನುಗಿಕೊಂಡರು. ಅವರು ಹಾಡುವುದನ್ನು ನಾನು ಕೇಳಿದ್ದು ಅದೊಂದೇ ಸಲ. ರಾಗ ಏನೂ ಚೆನ್ನಾಗಿರಲಿಲ್ಲ.

ಧನಿ ತಾವೇ ಫೌಂಡ್ರಿಗೆ ಹೋಗಿ, ಹೊಸ ಅಚ್ಚು ಮಾಡಿಸಿ, ಪಕ್ಕದಲ್ಲೇ ನಿಂತು ಎರಕ ಹೊಯ್ಯಿಸಿಕೊಂಡು ಬಂದರು. ತಡವಾದದ್ದಕ್ಕೆ ಯಾರ್ಡಿನವರಿಂದ ಬೈಸಿಕೊಂಡರು. ಹೊಸ ಬ್ರಾಕೆಟ್ ಹಾಕಿ ಪೂರ್ತಿ ಭಾರ ಎತ್ತಿ ನೋಡುವ ದಿನ ನಾವೂ ಹೋಗಿದ್ದೆವು. ತೋಳು ಮೇಲೇರಿತು, ಸರಕು ಗಾಳಿಯಲ್ಲಿ ತೂಗಿತು, ನಿಧಾನವಾಗಿ ಲಾರಿಗೆ ಇಳಿಯಿತು. ಅಷ್ಟೇ. ಚಪ್ಪಾಳೆ ಗಿಪ್ಪಾಳೆ ಏನೂ ಇಲ್ಲ. ಬುತ್ತಿ ಕಳೆದುಕೊಂಡ ಮನುಷ್ಯ ಮೇಡಂ ಹತ್ತಿರ ಬಂದು, ಇನ್ನು ಅಡಿಯಲ್ಲಿ ನಡೆಯಬಹುದಾ ಎಂದು ತುಳುವಿನಲ್ಲಿ ಕೇಳಿದ.

ಮೇಡಂ ತುಳುವಿನಲ್ಲೇ ಉತ್ತರ ಕೊಟ್ಟರು: ಅದು ಗಟ್ಟಿ ಉಂಟು, ಆದರೂ ಅಡಿಯಲ್ಲಿ ನಡೆಯಬೇಡಿ, ಯಾವ ಕ್ರೇನಿನ ಅಡಿಯಲ್ಲೂ ನಡೆಯಬೇಡಿ. ಅವನು ತಲೆಯಾಡಿಸಿ, ಸುತ್ತುಬಳಸಿ ಆಚೆಗೆ ಹೋದ.

ಆಮೇಲೆ ಇನ್ನೂ ಕೆಲವು ವರ್ಷ ನಾನು ಅಲ್ಲಿದ್ದೆ. ತಂದೆ ತೀರಿಕೊಂಡ ಮೇಲೆ ಮನೆಯ ಜವಾಬ್ದಾರಿಗಾಗಿ ಕೊಲ್ಲಿಗೆ ಹೋಗಲೇಬೇಕಾಯಿತು. ಹೋಗುವ ದಿನ ಮೇಡಂ, ಅಲ್ಲಿ ಸೆಖೆಯಂತೆ, ನೀರು ಕುಡಿ ಎಂದರು. ಅಲ್ಲಿನ ಕಂಪನಿಗಳಲ್ಲಿ ಬಲೆ ಹೆಣೆಯುವ ಕೆಲಸವೇ ಸಿಕ್ಕಿತು. ಪ್ರೋಗ್ರಾಂಗಳು ವರ್ಷ ವರ್ಷ ಜಾಣವಾಗುತ್ತ ಬಂದವು. ಈಗ ಒಂದು ಗುಂಡಿ ಒತ್ತಿದರೆ ಕೂಡದ ಗೆರೆಗಳನ್ನೆಲ್ಲ ತಾವೇ ಕೂಡಿಸುತ್ತವೆ, ಚಿಕ್ಕ ಮೆಟ್ಟಿಲುಗಳನ್ನು ತಾವೇ ಅಳಿಸುತ್ತವೆ. ಅವು ಏನೇನು ಅಳಿಸಿದವೆಂದು ಒಂದೊಂದಾಗಿ ನೋಡುತ್ತ ಕೂರುವ ನನ್ನ ಅಭ್ಯಾಸವನ್ನು ಕಂಡು ಜತೆಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ನೋಡುವುದನ್ನು ಮಾತ್ರ ಬಿಡಲಿಲ್ಲ.

ರಜೆಗೆ ಬಂದಾಗಲೆಲ್ಲ ಮೇಡಂ ಅವರನ್ನು ಕಾಣುತ್ತಿದ್ದೆ. ಕೂದಲು ಬೆಳ್ಳಗಾಯಿತು, ಆಫೀಸು ಮುಚ್ಚಿದರು, ಸುರತ್ಕಲ್ಲಿನಲ್ಲಿ ಕಡಲಿಗೆ ಹತ್ತಿರದ ಒಂದು ಚಿಕ್ಕ ಮನೆಯಲ್ಲಿದ್ದರು. ಅಕ್ಕಪಕ್ಕದ ಮಕ್ಕಳು ಗಣಿತ ಹೇಳಿಸಿಕೊಳ್ಳಲು ಬರುತ್ತಿದ್ದರು. ಕೊನೆಯ ಸಲ ಹೋದಾಗ ನನ್ನ ಮಗಳಿಗೆ ಒಂದು ಲೆಕ್ಕ ಕೊಟ್ಟು, ಅವಳು ಬಿಡಿಸುವವರೆಗೆ ನಮ್ಮನ್ನು ಹೊರಡಲು ಬಿಡಲಿಲ್ಲ. ಅವರು ಹೋದ ಸುದ್ದಿ ಫೋನಿನಲ್ಲಿ ಹೇಳಿದ್ದು ಅವರ ತಮ್ಮ. ನಾನು ಆಗ ಕೊಲ್ಲಿಯಲ್ಲಿ, ಸೈಟಿನಲ್ಲಿದ್ದೆ. ಮಲಗಿದಲ್ಲೇ ಹೋದರಂತೆ, ಕಷ್ಟಪಡಲಿಲ್ಲವಂತೆ. ಬರಲು ಆಗಲಿಲ್ಲ...

ನಾನು ಊರಿಗೆ ಬಂದು ನೆಲೆಸಿ ಈಗ ಕೆಲವು ವರ್ಷವಾಯಿತು. ಅಣ್ಣನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಮರುವಾರ, ಯಾಕೋ ತಡೆಯಲಾರದೆ ಪಣಂಬೂರಿನ ಕಡೆಗೆ ಹೋದೆ. ಆ ಯಾರ್ಡು ಈಗಿಲ್ಲ. ಕ್ರೇನನ್ನು ಯಾವಾಗಲೋ ಕತ್ತರಿಸಿ ಗುಜರಿಗೆ ಹಾಕಿದ್ದಾರೆಂದು ಹತ್ತಿರದ ಚಹಾದಂಗಡಿಯವರು ಹೇಳಿದರು. ಕೊನೆಯವರೆಗೂ ಓಡುತ್ತಿತ್ತಾ ಎಂದು ಕೇಳಿದೆ. ಓಡುತ್ತಿತ್ತು, ಮೋಟಾರು ಹೋಯಿತು, ಹಗ್ಗ ಹೋಯಿತು, ಎಲ್ಲ ಬದಲಾಯಿಸಿದರು, ಆಮೇಲೆ ದೊಡ್ಡ ಕ್ರೇನು ಬಂದ ಮೇಲೆ ಇದು ಬೇಡವಾಯಿತು ಎಂದರು. ತುದಿಯ ಬ್ರಾಕೆಟ್ ಎಂದೆ. ಅದು ಒಡೆದದ್ದೇನೂ ನೆನಪಿಲ್ಲ ಮಾರಾಯ್ರೆ, ಯಾಕೆ ಕೇಳ್ತೀರಿ ಎಂದರು. ಸುಮ್ಮನೆ ಎಂದೆ.

ಮನೆಗೆ ಬಂದಾಗ ಹೆಂಡತಿ ಬಂಗುಡೆ ಕೊಯ್ಯುತ್ತಿದ್ದಳು. ಹೊಸ್ತಿಲ ಮೇಲೆ ಕೂತು ಅವಳಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವಳು ಮೇಡಂ ಅವರನ್ನು ನೋಡಿದ್ದು ಎರಡೋ ಮೂರೋ ಸಲ. ಮೀನು ಕೊಯ್ಯುತ್ತಲೇ ಕೇಳಿದಳು. ಕೊನೆಗೆ ಕತ್ತಿಯನ್ನು ನೀರಿಗೆ ಅದ್ದುತ್ತ, "ಅವರಿಗೆ ಗೊತ್ತಿತ್ತಾ, ಅಷ್ಟು ವರ್ಷ ನಿಂತಿತು ಅಂತ?" ಎಂದು ಕೇಳಿದಳು.

ಗೊತ್ತಿರಲಿಲ್ಲ. ಅವರು ಕೇಳಿರಲಿಲ್ಲ, ನಾನೂ ಹೋಗಿ ನೋಡಿ ಬಂದು ಹೇಳಿರಲಿಲ್ಲ. ಹೇಳಿದ್ದರೆ ಅವರು ಹೆಚ್ಚೇನೂ ಅನ್ನುತ್ತಿರಲಿಲ್ಲ, ಹೌದಾ ಎನ್ನುತ್ತಿದ್ದರು, ಆಮೇಲೆ ಬಹುಶಃ ಒಳಗೆ ಹೋಗಿ ಚಹಾ ಇಡುತ್ತಿದ್ದರು. ಆ ಒಂದು ಹೌದಾ ಕೇಳಬೇಕೆಂದು ಆವತ್ತು ಬಹಳ ಅನ್ನಿಸಿತು. ಹೆಂಡತಿ ಮೀನು ತೊಳೆಯಲು ಎದ್ದಳು. ನಾನು ಒಳಗೆ ಹೋಗಿ ಚಹಾ ಇಟ್ಟೆ.